ಹಸಿದ ಕೌದಿ

ಗಡಿಯ ಗುಂಡಿನ ಕಾಳಗ ದೊಡ್ಡ ಯುದ್ಧವಾಗುವ ಭಯದಲ್ಲಿ ಯೋಧ ಭೀಮರಾಯನ ರಜೆ ರದ್ದಾಗಿತ್ತು. ಅವನು ಚೀಲ ಹೆಗಲಿಗೇರಿಸಿದಾಗ, ತಾಯಿ ದೇವಕಮ್ಮ ಹುಟ್ಟಲಿರುವ ಮೊಮ್ಮಗುವಿಗೆ ಹೊದಿಸುವ ಕೌದಿಯ ಕೊನೆಯ ಮೂಲೆ ಹೊಲಿಯುತ್ತಿದ್ದಳು. ಕೌದಿ ಹಸಿದಿರಬಾರದೆಂದು ಆ ಮೂಲೆಯೊಳಗೆ ರೊಟ್ಟಿಯ ಚೂರಿಟ್ಟು ಮುಚ್ಚುವುದು ಮನೆಯ ರೂಢಿ.

ಅತ್ತೆಯ ಕಣ್ಣು ತುಂಬಿದರೆ ತಾನೂ ಅಳಬಹುದೆಂದು ಭೀಮರಾಯನ ಬಸುರಿ ಹೆಂಡತಿ ಪರಿಮಳಾ ಕಾಯುತ್ತಿದ್ದಳು. ದೇವಕಮ್ಮ ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟು, ಖಡಕ್ ರೊಟ್ಟಿಯ ಆ ಚೂರನ್ನು ಮಗನ ಕಿಸೆಗೆ ಹಾಕಿದಳು.

“ದಾರ್ಯಾಗ ತಿಂದೀಯ ಮತ್ತ. ಹೊಳ್ಳಿ ಬಂದು ನೀನೇ ಇದನ್ನ ಕೌದಿಗೆ ಹಾಕಬೇಕು.”

“ಅಲ್ಲೀತನಕ ಕೌದಿ ಉಪಾಸೇನು, ಯವ್ವಾ?” ಭೀಮರಾಯ ನಕ್ಕ.

“ಇರಲಿ ಬಿಡು. ಕಾಯ್ತದ.”

ಅವನು ಹೊಸ್ತಿಲು ದಾಟಿದ ಮೇಲೆ, ಕೌದಿಯಡಿಯಿಂದ ಅತ್ತೆಯ ಕೈ ಆ ಖಾಲಿ ಮೂಲೆಯನ್ನು ಹಿಂಡುತ್ತಿರುವುದು ಪರಿಮಳಾಗೆ ಕಂಡಿತು. ಅವಳು ಅಳಲಿಲ್ಲ, ತನ್ನ ಕೈಯನ್ನೂ ಅದರಡಿ ತೂರಿಸಿ, ಆ ಕೈಯನ್ನು ಹಿಡಿದುಕೊಂಡಳು.