ಅಲ್ಲೂ ಮಳೆಯಾ?

ಫೋನು ಎತ್ತಿದ ಕೂಡಲೇ ಮೊದಲು ಮಳೆ ಬಿಸಿಲಿನ ಸುದ್ದಿ ಆಗಬೇಕು, ಮಿಕ್ಕಿದ್ದೆಲ್ಲ ಆಮೇಲೆ. ಕೊಡೆ ರಿಪೇರಿ ಮಾಡುವ ಕಡ್ಡಿಗೂ ದೂರದೂರಿನಲ್ಲಿರುವ ಅವನ ಗೆಳೆಯ ಡುಮ್ಮನಿಗೂ ಅದು ಎಷ್ಟೋ ವರ್ಷದ ರೂಢಿ. ಇವತ್ತೊಂದು ದಿನ ಕಡ್ಡಿ ಆ ರೂಢಿ ಮುರಿದಿದ್ದರೆ ಚೆನ್ನಾಗಿರುತ್ತಿತ್ತು.

“ನಡು ಬೇಸಿಗೆಯಲ್ಲಿ ಹೀಗೆ ಸುರೀತಿದೆಯಲ್ಲೋ. ವಾರದಿಂದ ಸೂರ್ಯನ ಮುಖ ನೋಡಿಲ್ಲ,” ಎಂದ ಕಡ್ಡಿ. ಫೋನು ಕಿವಿಗೂ ಭುಜಕ್ಕೂ ನಡುವೆ, ಕೈ ಕೆಲಸದ ಮೇಲೆ. ಎದುರಿನ ಸ್ಟೂಲಿನಲ್ಲಿ ಗುರುತಿಲ್ಲದ ಗಿರಾಕಿಯೊಬ್ಬ ಒದ್ದೆ ಬ್ಯಾಗು ತಬ್ಬಿಕೊಂಡು ತನ್ನ ಕೊಡೆಗಾಗಿ ಕಾಯುತ್ತಿದ್ದ. “ನನಗೇನೋ ಸುಗ್ಗಿ. ಊರವರೆಲ್ಲ ಅಟ್ಟದ ಮೇಲಿದ್ದ ಮುರುಕು ಕೊಡೆ ಹಿಡ್ಕೊಂಡು ಓಡಿ ಬರ್ತಿದ್ದಾರೆ.”

“ಹಾಗಾದ್ರೆ ಸಾಹೇಬ್ರನ್ನ ಹಿಡಿಯೋರಿಲ್ಲ ಬಿಡು,” ಎಂದು ಡುಮ್ಮ ನಕ್ಕ. ಅವನ ಮಗಳು ಕಾರು ಕಲಿಯಲು ಹೋಗಿ ಕಾಂಪೌಂಡಿಗೆ ಗುದ್ದಿದ್ದು, ಪಕ್ಕದ ಮನೆಯ ನಾಯಿಯ ಕಾಟ, ಮೊಣಕಾಲು ನೋವು, ಎಲ್ಲ ಒಂದು ಸುತ್ತು ಬಂತು.

ಕಡ್ಡಿ ಗಂಟಲು ಸರಿಮಾಡಿಕೊಂಡ. ಸರಿಯಾಗಲಿಲ್ಲ. ಒಳಗೆ ಗಂಟು ಬೆಳೆದು ಕೂತಿತ್ತು.

“ನಾಳಿದ್ದು ನನ್ನ ಗಂಟಲು ಕೊಯ್ತಾರಂತೆ ಕಣೋ. ಜೊತೆಗೆ ಒಬ್ಬರಿಲ್ದೆ ಆಸ್ಪತ್ರೆ ಒಳಗೇ ಸೇರಿಸಲ್ಲ ಅಂದ್ಬಿಟ್ರು. ನನಗೆ ಇನ್ಯಾರಿದ್ದಾರೆ ಹೇಳು? ಒಂದೆರಡು ದಿನ ಬಂದು ಹೋಗು.”

ಹಿಂದೆ ಡುಮ್ಮ ಕಾಲು ಮುರಿದುಕೊಂಡಾಗ ಅಂಗಡಿಗೆ ಬೀಗ ಜಡಿದು, ಆಸ್ಪತ್ರೆಯಲ್ಲಿ ಅವನ ಮಂಚದ ಪಕ್ಕ ನೆಲದ ಮೇಲೆ ಮಲಗಿದವನು ಕಡ್ಡಿ. ಹಾಗಾಗಿ ಕೇಳಲು ಅವನಿಗೆ ಸಂಕೋಚವಾಗಲಿಲ್ಲ.

ಡುಮ್ಮ ದನಿ ತಗ್ಗಿಸಿದ.

“ಬರ್ತಿದ್ದೆ ಕಣೋ, ಓಡಿ ಬರ್ತಿದ್ದೆ. ಆದ್ರೆ ಇಲ್ಲೂ ಮಳೆ. ನಿಮ್ಮೂರಿಗಿಂತ ಜೋರು. ಸೇತುವೆ ಮುಳುಗಿದೆ, ಬಸ್ಸೆಲ್ಲ ನಿಂತ್ಹೋಗಿದೆ. ಮನೆಯಿಂದ ಕಾಲು ಹೊರಗಿಡೋಕೆ ಆಗ್ತಿಲ್ಲ. ಎಂಥಾ ಹೊತ್ತಲ್ಲಿ ಬಂತು ನೋಡು, ಹಾಳಾದ್ದು.”

“ಅಲ್ಲೂ ಮಳೆಯಾ?” ಕಡ್ಡಿಗೆ ಗೆಳೆಯನ ಬಗ್ಗೆಯೇ ಅಯ್ಯೋ ಅನ್ನಿಸಿತು. “ಮನೆಯೊಳಗೆ ನೀರು ನುಗ್ಗಿಲ್ಲ ತಾನೇ?”

ಉತ್ತರ ಬರುವ ಮೊದಲೇ ಡುಮ್ಮನ ಹೆಂಡತಿಯ ದನಿ ಹಿಂದಿನಿಂದ ಸ್ಪಷ್ಟವಾಗಿ ಕೇಳಿಸಿತು. “ರೀ, ಹಾಸಿಗೆ ಬೆಳಿಗ್ಗೆಯಿಂದ ಬಿಸಿಲಲ್ಲೇ ಬಿದ್ದಿದೆ, ಮುಟ್ಟಿದ್ರೆ ಕೈ ಸುಡ್ತಿದೆ. ಮಹಡಿ ಮೇಲಿಂದ ಎತ್ಕೊಂಡು ಬನ್ನಿ.”

ಡುಮ್ಮ ಜೋರಾಗಿ ಕೆಮ್ಮಿದ. ಹೊತ್ತು ಮೀರಿತ್ತು.

ಮಳೆಯ ಮಾತು ಮೊದಲು ಎತ್ತಿದವನು ಕಡ್ಡಿಯೇ. ಡುಮ್ಮನಿಗೆ ಬೇಕಾದ ನೆಪವನ್ನು ತಾನೇ ಕೈಯಾರೆ ಹುಡುಕಿಕೊಟ್ಟಿದ್ದ. ಬೈಯಲು ಬಾಯಿ ತೆರೆದ, ಗಂಟಲು ನೋಯಿತು, ಮುಚ್ಚಿಕೊಂಡ.

“ಮಳೇಲಿ ನೆನೀಬೇಡ ಕಣೋ,” ಎಂದು ಹೇಳಿ ಫೋನು ಕೆಳಗಿಟ್ಟ.

ಕೊಡೆಯ ಬಟ್ಟೆಗೆ ಕೊನೆಯ ಹೊಲಿಗೆ ಹಾಕಿ, ದಾರವನ್ನು ಹಲ್ಲಿನಿಂದ ಕಡಿದು, ಒಮ್ಮೆ ಬಿಚ್ಚಿ ನೋಡಿ ಗಿರಾಕಿಯ ಕೈಗೆ ಕೊಟ್ಟ. ಗಿರಾಕಿ ಜೇಬಿಗೆ ಕೈ ಹಾಕಿದ.

“ದುಡ್ಡು ಬೇಡ ಸ್ವಾಮಿ,” ಎಂದ ಕಡ್ಡಿ. “ನಾಳಿದ್ದು ಬೆಳಿಗ್ಗೆ ನಿಮಗೆ ಬಿಡುವಿದೆಯಾ?”