ಬೋಳು ಕರು

ಕಾದ ಕಬ್ಬಿಣ ಕರುವಿನ ನೆತ್ತಿಗೆ ಇನ್ನೊಂದು ಗೇಣು ದೂರವಿದ್ದಾಗ ಸೊಸೆ ಅಲ್ಲಿ ತನ್ನ ಅಂಗೈ ಇಟ್ಟಳು. "ಮೊದಲು ಮುಟ್ಟಿ ನೋಡಿ ಮಾವ. ಕೊಂಬಿನ ಮೊಳಕೆ ಎಲ್ಲಿದೆ ತೋರಿಸಿ, ಆಮೇಲೆ ಸುಡಿ."

ಮಾವ ಗೊಣಗುತ್ತಲೇ ಹೆಬ್ಬೆರಳು ಆಡಿಸಿದರು. ಎಡಕ್ಕೆ ನುಣುಪು, ಬಲಕ್ಕೂ ನುಣುಪು. "ಇದರ ತಾಯಿಗೂ ನಾನೇ ಸುಟ್ಟಿದ್ದು. ಮಗಳಿಗೆ ಬರದೇ ಇರುತ್ತಾ? ತಡವಾಗಿ ಬರುತ್ತೆ. ಇವತ್ತೇ ಸುಟ್ಟುಬಿಟ್ಟರೆ ಪೀಡೆ ಕಳೆಯಿತು. ಗಟ್ಟಿಯಾಗಿ ಹಿಡ್ಕೋ."

ಸೊಸೆಗೆ ಮೈ ಉರಿದುಹೋಯಿತು. "ಇಲ್ಲದ ಕೊಂಬನ್ನ ಸುಡ್ತೀರಾ? ತಾಯಿ ಕಡೆಯಿಂದ ಕೊಂಬು ಬಂದ್ರೂ ಅಪ್ಪನ ಕಡೆಯಿಂದ ಕೊಂಬಿಲ್ಲದ ಬೋಳುತನ ಬಂದಿದೆ. ಎರಡೂ ಸೇರಿದರೆ ಗೆಲ್ಲೋದು ಬೋಳುತನವೇ. ದನದ ಡಾಕ್ಟರ ಹತ್ತಿರ ಹಟ ಹಿಡಿದು ಬೋಳು ವಂಶದ ಹೋರಿಯ ವೀರ್ಯ ಕೊಡಿಸಿದ್ದು ಮತ್ಯಾಕೆ?"

"ನಿನ್ನ ಹೋರಿ, ನಿನ್ನ ಡಾಕ್ಟರು! ಹಿಡ್ಕೋ ಅಂದೆ."

ಹನ್ನೊಂದು ವರ್ಷ ಅವಳು ಹಿಡಿದಿದ್ದಳು. ಸುಟ್ಟ ಕೂದಲಿನ ವಾಸನೆಗೆ ಮುಖ ತಿರುಗಿಸಿಕೊಂಡು, ಕೊಸರಾಡುವ ಕತ್ತುಗಳನ್ನು ಮೊಣಕಾಲುಗಳ ನಡುವೆ ಅವುಚಿ ಹಿಡಿದಿದ್ದಳು. ಈಗ ಹಗ್ಗದ ಗಂಟು ಬಿಚ್ಚಿದಳು. ಕರು ಚಂಗನೆ ನೆಗೆದು ಹೋಗಿ ತಾಯಿಯ ಕೆಚ್ಚಲಿಗೆ ಬಾಯಿ ಹಾಕಿತು.

ಮಾವ ನಿಂತೇ ಇದ್ದರು. ಕೈಯಲ್ಲಿದ್ದ ಕಬ್ಬಿಣ ಮೆಲ್ಲಗೆ ಕೆಂಪಿನಿಂದ ಕಪ್ಪಿಗೆ ತಿರುಗಿತು. "ನಾಳೆ ಕೊಂಬು ಬಂದರೆ?"

"ಬಂದರೆ ನಾನೇ ಹಿಡಿದುಕೊಡ್ತೀನಿ. ಬರದಿದ್ರೆ ಆ ಕಬ್ಬಿಣಾನ ಗುಜರಿಗೆ ಹಾಕಿ" ಎಂದು ಸೊಸೆ ಹಗ್ಗ ಸುತ್ತತೊಡಗಿದಳು. "ಅಂದಹಾಗೆ ಮಾವ, ಪಕ್ಕದಲ್ಲಿ ಕಟ್ಟಿರೋ ನಮ್ಮ ಇನ್ನೊಂದು ಹಸುವಿನ ಹೊಟ್ಟೆಯಲ್ಲಿರೋದೂ ಅದೇ ಹೋರಿಯ ಕರು. ಐದು ತಿಂಗಳಾಯ್ತು."