ಅಳತೆಗೆ ತಕ್ಕ ಬ್ಯಾಗು

ಅತ್ತೆ ಬ್ಯಾಗಿನ ಬಣ್ಣ ನೋಡಲಿಲ್ಲ, ಜೇಬು ಎಷ್ಟಿವೆ ಎಂದು ಕೇಳಲಿಲ್ಲ. ಜಿಪ್ ಎಳೆದು, ಒಳಮೈಯನ್ನು ಹೊರಗೆ ತಿರುಗಿಸಿ, ಹೆಗಲಪಟ್ಟಿ ಬಂದು ಕೂಡುವ ಜಾಗದ ಹೊಲಿಗೆಯನ್ನು ಉಗುರಿನಿಂದ ಕೆದಕಿದರು. ನೂಲು ಎದ್ದು ಬಂತು.

"ಮೇಲೆ ಥಳಕು, ಒಳಗೆ ಹುಳುಕು. ಬೇರೆ ತೋರ್ಸಪ್ಪ."

ಅಂಗಡಿಯವನು ನಗುಮುಖದ ಮನುಷ್ಯ. ಗಿರಾಕಿ ಬೈದರೂ ಬೆಲ್ಲ ತಿಂದವನಂತೆ ಇರುವವನು. "ನಿಮ್ಮಂಥೋರು ದಿನಾ ನಾಲ್ಕು ಜನ ಬಂದ್ರೆ ನಾನು ಅಂಗಡಿ ಮುಚ್ಚಬೇಕಮ್ಮ! ಸರಿ, ಎಷ್ಟು ದಿನದ ಚಾರಣ? ಒಂದು ರಾತ್ರಿ ಟೆಂಟಲ್ಲಿ ಮಲಗಿ ಬರೋದಾದ್ರೆ ನಲವತ್ತು ಲೀಟರಿನದು ಧಾರಾಳ ಸಾಕು."

"ಲೀಟರಾ? ನಾವೇನು ಹಾಲು ತುಂಬ್ಕೊಂಡು ಹೋಗ್ತೀವಾ?"

ಅವನು ಹೊಟ್ಟೆ ಹಿಡಿದುಕೊಂಡು ನಕ್ಕ. ಪಕ್ಕದಲ್ಲಿ ನಿಂತಿದ್ದ ಸೊಸೆಗೆ ಅಲ್ಲಿಂದ ಓಡಿಹೋಗೋಣ ಅನ್ನಿಸಿತು. ಗಂಡನನ್ನು ಹೊತ್ತು ತರುವುದಕ್ಕೆ ಬ್ಯಾಗು ಬೇಕು ಎಂದು ಗುರುತಿಲ್ಲದವನ ಮುಂದೆ ಯಾವ ಬಾಯಲ್ಲಿ ಹೇಳುವುದು?

ಹೋದ ವರ್ಷ ಬೆಟ್ಟ ಹತ್ತಲು ಹೋದವನು ಮರಳಿರಲಿಲ್ಲ. ಮೊನ್ನೆ ಕುರಿ ಕಾಯುವವರಿಗೆ ಬಂಡೆಗಳ ಸಂದಿಯೊಂದರಲ್ಲಿ ಸಿಕ್ಕಿದ. ಸಿಕ್ಕಿದ ಎನ್ನುವುದು ಮಾತಿಗೆ. ಅಲ್ಲಿದ್ದದ್ದು ಮೂಳೆಗಳು ಮತ್ತು ಹರಿದ ಪ್ಯಾಂಟು. ಫೋನಿಗೆ ಬಂದ ಫೋಟೋದಲ್ಲಿ ಸೊಂಟಪಟ್ಟಿಯ ಹೊಲಿಗೆ ನೋಡಿ ಅವನದೇ ಎಂದು ಗುರುತು ಹಿಡಿದವರು ಅತ್ತೆ. ಅದನ್ನು ಹೊಲಿದವರೂ ಅವರೇ. ಬೆಟ್ಟದ ಕಾವಲಿನವನು ಫೋನಿನಲ್ಲಿ ಕಡ್ಡಿ ಮುರಿದಂತೆ ಹೇಳಿದ್ದ: ಸ್ಟ್ರೆಚರ್ ಹೊರುವವರು ಬರುವುದು ಉಸಿರಿದ್ದವರಿಗೆ ಮಾತ್ರ, ಆ ಸಂದಿಯಲ್ಲಿ ಪೆಟ್ಟಿಗೆ ತೂರುವುದಿಲ್ಲ, ಬೆನ್ನಿಗೆ ಹಾಕುವ ಗಟ್ಟಿ ಬ್ಯಾಗು ತನ್ನಿ, ಹೊರುವವರು ಯಾರೆಂದು ಮೊದಲೇ ತೀರ್ಮಾನ ಮಾಡಿಕೊಂಡು ಬನ್ನಿ. ಬ್ಯಾಗೇನೋ ಹುಡುಕಿದರೆ ಸಿಗುತ್ತಿತ್ತು. ತೀರ್ಮಾನ ಮಾತ್ರ ಇನ್ನೂ ಆಗಿರಲಿಲ್ಲ.

ಅಂಗಡಿಯವನು ಮೇಲಿನ ಹಲಗೆಯಿಂದ ಧೂಳು ಹಿಡಿದ ಬ್ಯಾಗೊಂದನ್ನು ಇಳಿಸಿದ. ಹಳೆಯ ಮಾಲು, ಬಣ್ಣ ಮಾಸಿದೆ, ಅದಕ್ಕೇ ಸೋವಿ, ಗಟ್ಟಿತನಕ್ಕೆ ಮಾತ್ರ ಎರಡು ಮಾತಿಲ್ಲ ಎಂದ. ಅತ್ತೆ ಇದನ್ನೂ ತಿರುವಿ ಹಾಕಿ ಕೆದಕಿದರು. ಹೊಲಿಗೆ ಜಗ್ಗಲಿಲ್ಲ. ಆಮೇಲೆ ಕೊರಳಲ್ಲಿದ್ದ ಅಳತೆ ಟೇಪನ್ನು ತೆಗೆದು ಬ್ಯಾಗಿನ ಬಾಯಿಯಿಂದ ತಳದವರೆಗೆ ಇಳಿಬಿಟ್ಟರು. ಹೊಲಿಗೆ ಮಿಷನ್ ಬಿಟ್ಟು ಎದ್ದು ಬಂದಿದ್ದವರು ಟೇಪು ತೆಗೆದಿಡುವುದನ್ನು ಮರೆತಿದ್ದಾರೆ ಎಂದು ಸೊಸೆ ದಾರಿಯುದ್ದಕ್ಕೂ ಅಂದುಕೊಂಡಿದ್ದಳು. ಮರೆತಿರಲಿಲ್ಲ. ಸೊಂಟದಿಂದ ಮಂಡಿಯವರೆಗಿನ ಮಗನ ಅಳತೆ ಆ ತಾಯಿಗೆ ಬಾಯಿಪಾಠ.

"ಕೂರುತ್ತೆ," ಎಂದರು ಅತ್ತೆ, ಮೆಲ್ಲಗೆ.

"ಏನಮ್ಮ, ಟೆಂಟಿನ ಕೋಲಾ? ಅದನ್ನೆಲ್ಲ ಒಳಗೆ ಯಾಕೆ ತುರುಕ್ತೀರಿ? ಹೊರಗಡೆ ಕಟ್ಕೊಳ್ಳೋಕೆ ಪಟ್ಟಿ ಇದೆ ನೋಡಿ."

"ಹೊರಗೆ ಕಟ್ಟೋ ವಸ್ತು ಅಲ್ಲಪ್ಪ."

"ಹೋಗ್ಲಿ, ತೂಕ ಎಷ್ಟಾಗುತ್ತೆ ಹೇಳಿ. ಅಷ್ಟು ಮರಳು ಹಾಕಿ ನೇತುಬಿಟ್ಟು ತೋರಿಸ್ತೀನಿ," ಎಂದು ಅವನು ಮೂಲೆಯಲ್ಲಿದ್ದ ಮರಳಿನ ಗಂಟಿಗೆ ಕೈಹಾಕಿದ.

ಸೊಸೆಗೆ ತಡೆಯಲಾಗಲಿಲ್ಲ. "ನಮಗೆ ಗೊತ್ತಿಲ್ಲಣ್ಣ," ಎಂದಳು. "ನನ್ನ ಯಜಮಾನ್ರು ಬೆಟ್ಟದಲ್ಲಿ ತೀರ್ಕೊಂಡ್ರು. ಈಗ ಸಿಕ್ಕಿದಾರೆ. ಅವರನ್ನ ತರೋಕೆ ಇದು."

ಅವನ ಕೈ ಗಂಟಿನ ಮೇಲೆಯೇ ನಿಂತಿತು. ಕೊನೆಗೆ ತನಗೆ ಗೊತ್ತಿದ್ದ ಕೆಲಸವನ್ನೇ ಮಾಡಿದ. ಬ್ಯಾಗಿನ ಧೂಳು ಒರೆಸಿ, ಪಟ್ಟಿಗಳನ್ನು ಸಡಿಲ ಮಾಡಿ ಕೇಳಿದ: "ಹೆಗಲಿನ ಅಳತೆಗೆ ಸರಿಮಾಡಿ ಕೊಡ್ತೀನಿ. ಹೊರೋರು ಯಾರು?"

"ನಾನು," ಎಂದರು ಇಬ್ಬರೂ ಒಟ್ಟಿಗೆ.

ಸೊಸೆ ಅತ್ತೆಯ ಕಡೆ ತಿರುಗಿದಳು. "ಬಸ್ಸಲ್ಲಿ ಬರುವಾಗ ಅಷ್ಟು ಹೇಳಿದೀನಲ್ಲ ಅತ್ತೆ! ನಿಮ್ಮ ಮಂಡಿ ಮೆಟ್ಟಿಲಿಗೇ ಮುಷ್ಕರ ಹೂಡುತ್ತೆ. ನೀವು ಬೆಟ್ಟದ ಬುಡದಲ್ಲಿ ಕೂತಿರಿ, ನಾನು ತರ್ತೀನಿ."

"ಹೇಳಿದ್ದು ನೀನು. ನಾನು ಹೂಂ ಅಂದಿದ್ನಾ?"

"ನೀವೂ ಜಾರಿ ಬಿದ್ರೆ ಏನ್ ಮಾಡ್ಲಿ ನಾನು? ಅಷ್ಟಕ್ಕೂ ನನಗೆ ಅವರು ಏನೂ ಅಲ್ವಾ?" ಎಂದಳು ಸೊಸೆ. ಹೋಗುವ ದಿನ ಗಂಡನ ಜೊತೆ ಜಗಳವಾಡಿ, ಬಾಗಿಲಿಗೂ ಬರದೆ ಒಳಗೇ ಕುಳಿತಿದ್ದವಳು ಅವಳು. ಒಂದೇ ಒಂದು ಸಲ ಅವನ ಭಾರವೆಲ್ಲ ತನ್ನ ಬೆನ್ನ ಮೇಲಿರಬೇಕು ಎಂದು ಅವಳ ಜೀವ ಹಂಬಲಿಸುತ್ತಿತ್ತು. ಅತ್ತೆಯ ಮೇಲೆ ಅವಳಿಗೆ ನಿಜವಾಗಿ ಸಿಟ್ಟು ಬಂತು.

ಅತ್ತೆ ಬ್ಯಾಗನ್ನು ಎತ್ತಿಕೊಂಡು ಎರಡೂ ಪಟ್ಟಿಗಳಿಗೆ ತೋಳು ತೂರಿಸಿದರು. ಬ್ಯಾಗು ಬೆನ್ನಿಗೆ ಹೋಗಲಿಲ್ಲ, ಎದೆಯ ಮೇಲೆ ಬಂದು ಕೂತಿತು. ಅದರ ತಳಕ್ಕೆ ಎರಡೂ ಅಂಗೈ ಕೊಟ್ಟು ಹಿಡಿದು, ಅಂಗಡಿಯ ಉದ್ದಕ್ಕೆ ನಾಲ್ಕು ಹೆಜ್ಜೆ ಕುಂಟುತ್ತ ಹೋಗಿ ಕುಂಟುತ್ತ ಬಂದರು.

"ಅಮ್ಮ, ಅದು ಬೆನ್ನಿಗೆ ಹಾಕೋದು," ಅಂಗಡಿಯವನು ದನಿ ತಗ್ಗಿಸಿ ಹೇಳಿದ. "ಹೀಗೆ ಹಾಕ್ಕೊಂಡ್ರೆ ಇಳಿಯುವಾಗ ಕಾಲು ಎಲ್ಲಿ ಇಡ್ತಿದೀರಿ ಅಂತಾನೇ ಕಾಣಲ್ಲ."

"ಇವನು ಹೊಟ್ಟೇಲಿದ್ದಾಗ್ಲೂ ಕಾಣ್ತಿರ್ಲಿಲ್ಲ," ಎಂದರು ಅತ್ತೆ.